ಸಪ್ಪಲಮ್ಮನ ಅಡುಗೆಮನೆ

3 ಜೂನ್ 2024, ಸೋಮವಾರ

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸೇಲಂನ ಈ ಲೇಡೀಸ್ ಹಾಸ್ಟೆಲಿನಲ್ಲಿ ಇದನ್ನು ಓದಬಲ್ಲವರು ಯಾರೂ ಇಲ್ಲ. ಹೊಸೂರಿನ ಕಡೆ ಸೋದರತ್ತೆಯ ಮನೆಯಲ್ಲಿದ್ದು ಎಂಟನೇ ತರಗತಿಯವರೆಗೆ ಕನ್ನಡ ಶಾಲೆಗೆ ಹೋಗಿದ್ದು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು. ಕೋಪ ಬಂದಿದೆ. ಎಲ್ಲಾದರೂ ಇಳಿಸಬೇಕು.

ಬೆಳಗ್ಗೆ ಶರಣ್ಯ ಮೇಡಂ ನಮ್ಮ ಮೂವರನ್ನೂ ಒಳಗೆ ಕರೆದರು. ಆಫೀಸು ಅವರದು. ಮನೆ, ಬಟ್ಟೆ ಅಂಗಡಿ, ಕಲ್ಯಾಣ ಮಂಟಪಗಳ ಒಳಾಂಗಣ ಮಾಡಿಕೊಡುತ್ತೇವೆ. ಇನ್ನೂ ಕಟ್ಟದ ಕೋಣೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಫೋಟೊ ತೆಗೆದ ಹಾಗೆ ಚಿತ್ರ ಮಾಡಿ ಗಿರಾಕಿಗೆ ತೋರಿಸುವುದು ನಮ್ಮ ಮೂವರ ಕೆಲಸ: ಗೋವಿಂದಣ್ಣ, ನಾನು, ಬಾಲಾಜಿ. ಹಳೆಯ ಸಾಫ್ಟ್‌ವೇರ್‌ನಲ್ಲಿ ಒಂದು ಚಿತ್ರ ಸಿದ್ಧವಾಗಲು, ನಮ್ಮ ಮಾತಿನಲ್ಲಿ ಬೇಯಲು, ಆರೇಳು ಗಂಟೆ ಬೇಕು. ಹೊಸದರಲ್ಲಿ ಬೇಯಲು ಕಾಯುವುದೇ ಬೇಕಿಲ್ಲ. ಗಿರಾಕಿ ಪಕ್ಕದಲ್ಲಿ ಕೂತು ಸೋಫಾ ನೀಲಿ ಮಾಡಿ ಎಂದರೆ ಆ ಕ್ಷಣವೇ ನೀಲಿ. ಕಟ್ಟದ ಮನೆಯೊಳಗೆ ನಡೆದುಕೊಂಡು ಹೋಗಬಹುದು.

"ಆಡಿ ತಿಂಗಳಲ್ಲಿ ಹೇಗೂ ಯಾರೂ ಮನೆ ಕೆಲಸ ಶುರು ಮಾಡೋದಿಲ್ಲ. ಆಡಿ ಮುಗಿಯುವಷ್ಟರಲ್ಲಿ ಎಲ್ಲರೂ ಹೊಸದಕ್ಕೆ ಬಂದಿರಬೇಕು," ಎಂದರು ಮೇಡಂ, ತಮಿಳಿನಲ್ಲಿ. ಆಡಿ ಎಂದರೆ ನಮ್ಮ ಆಷಾಢದ ಹಾಗೆ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ.

"ಹದಿನಾಲ್ಕು ವರ್ಷದ ಫೈಲುಗಳು ಮೇಡಂ?" ಎಂದು ಗೋವಿಂದಣ್ಣ ಕೇಳಿದರು.

"ಬೇಕಾದ್ದು ತಗೊಳ್ಳೋಣ. ಉಳಿದದ್ದು ಯಾಕೆ?"

ಗೋವಿಂದಣ್ಣನಿಗೆ, ಆಫೀಸಿನ ದಾಖಲೆಯಲ್ಲಿ ಗೋವಿಂದರಾಜ್, ಐವತ್ತೆರಡು. ಕೊಳತ್ತೂರಿನಾಚೆ, ಪಾಲಮಲೆಯ ಬುಡದ ಊರು. ಕಂಪ್ಯೂಟರ್ ಬರುವ ಮೊದಲು ಇಂಜಿನಿಯರುಗಳಿಗೆ ಬ್ರಷ್ಷಿನಲ್ಲಿ ಮನೆಗಳ ಚಿತ್ರ ಬರೆದುಕೊಡುತ್ತಿದ್ದವರು. ಆರು ವರ್ಷದ ಹಿಂದೆ ನಾನು ಧರ್ಮಪುರಿಯ ಪಾಲಿಟೆಕ್ನಿಕ್ ಮುಗಿಸಿ ಇಂಟರ್‌ವ್ಯೂಗೆ ಬಂದು, ಕಂಪ್ಯೂಟರಿನ ಕೋಣೆಯಲ್ಲಿ ಒಂದು ಲೈಟು ಕೂರಿಸಲು ಬಾರದೆ ಬಾಯೊಳಗೇ ಕನ್ನಡದಲ್ಲಿ ಬೈದುಕೊಳ್ಳುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು. "ನಮ್ಮೋಳಾ ನೀನು? ಎದ್ರುಕೋಬ್ಯಾಡ ಕಣಮ್ಮ, ಕುತ್ಕೋ, ನಾನು ಏಳ್ಕೊಡ್ತೀನಿ." ಕೆಲಸ ಕೊಡಿಸಿದ್ದೂ ಅವರೇ, ಕಲಿಸಿದ್ದೂ ಅವರೇ. ಇಡೀ ಆಫೀಸಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ.

ಅವರನ್ನು ನಾನು ಬಿಟ್ಟುಕೊಡುವುದಿಲ್ಲ. ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ.

10 ಜೂನ್, ಸೋಮವಾರ

ಕೊಯಮತ್ತೂರಿನಿಂದ ಒಬ್ಬರು ಬಂದು ಎರಡು ದಿನ ಹೇಳಿಕೊಟ್ಟು ಹೋದರು. ನನಗೆ ಬೇಗ ಹತ್ತಿತು. ಮೇಡಂ ನನ್ನನ್ನೇ ಲೀಡ್ ಮಾಡಿದ್ದಾರೆ. ಉಳಿದ ಇಬ್ಬರಿಗೆ ನಾನು ಕಲಿಸಬೇಕು, ಯಾರು ಎಷ್ಟು ಕಲಿತರು ಎಂದು ಪ್ರತಿ ಶನಿವಾರ ಬರೆದು ಕಳಿಸಬೇಕು. ಗುರುವಿನ ಮೇಲೆ ವರದಿ ಬರೆಯುವುದು ಹೇಗೆ ಎಂದು ಮುಜುಗರವಾಯಿತು. ಆದರೆ ಬೇಡ ಎಂದರೆ ಬಾಲಾಜಿಗೆ ಹೋಗುತ್ತದೆ, ಅವನಿಗೆ ಗೋವಿಂದಣ್ಣನ ಬೆಲೆ ಗೊತ್ತಿಲ್ಲ. ಅವರಿಗೋಸ್ಕರವೇ ಒಪ್ಪಿಕೊಂಡೆ.

14 ಜೂನ್, ಶುಕ್ರವಾರ

ಗೋವಿಂದಣ್ಣ ನೋಟುಬುಕ್ ತಂದು ಪ್ರತಿ ಬಟನ್ನಿನ ಹೆಸರನ್ನೂ ತಮಿಳು ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ.

"ಈ ಬೆಳಕು ಎಲ್ಲಿಂದ ಬತ್ತೈತೆ ಲಕ್ಷ್ಮೀ? ಕಿಟಕಿ ಆ ಕಡೆ ಐತೆ."

"ಅದೇ ತಾನಾಗೇ ಹಾಕ್ಕೊಳ್ಳುತ್ತೆ ಅಣ್ಣ."

"ತಾನಾಗೇ ಬೆಳಕಾಕಂಡ್ರೆ ಮನೆಗೆ ಕಿಟಕಿ ಯಾಕಮ್ಮ?"

ಇಬ್ಬರೂ ನಕ್ಕೆವು. ಆದರೆ ಪರದೆಯ ಮೇಲೆ ಕ್ಯಾಮೆರಾವನ್ನು ಕೋಣೆಯಿಂದ ಕೋಣೆಗೆ ನಡೆಸುವ ಹೊತ್ತಿಗೆ ಅವರಿಗೆ ತಲೆ ಸುತ್ತು ಬಂತು. ಮೇಜು ಹಿಡಿದು ಕಣ್ಣು ಮುಚ್ಚಿಕೊಂಡರು, ಹಣೆಯಲ್ಲಿ ಬೆವರು. ಓಡಿಹೋಗಿ ಮಜ್ಜಿಗೆ ತಂದುಕೊಟ್ಟೆ. "ಯಾರ್ಗೂ ಏಳ್ಬ್ಯಾಡಮ್ಮ," ಎಂದರು. ಹೇಳುವುದಿಲ್ಲ.

22 ಜೂನ್, ಶನಿವಾರ

ವರದಿಯಲ್ಲಿ ಗೋವಿಂದಣ್ಣನ ಬಗ್ಗೆ "ಕಲಿಯುತ್ತಿದ್ದಾರೆ" ಎಂದಷ್ಟೇ ಬರೆದಿದ್ದೆ. ಮೇಡಂ ಬಾಗಿಲು ಹಾಕಿ ಕೂರಿಸಿದರು. ಹೊಸ ಸಾಫ್ಟ್‌ವೇರ್‌ಗೆ ಅವರು ತೆಗೆದುಕೊಂಡಿರುವುದು ಎರಡೇ ಲೈಸೆನ್ಸ್. ಮೂವರ ಕೆಲಸ ಇಬ್ಬರು ಮಾಡಬಹುದಂತೆ.

"ಯಾರ ಮೇಲೂ ನನಗೆ ದ್ವೇಷ ಇಲ್ಲ. ನೀನು ನಿಜ ಬರೆದರೆ ನಾನು ನಿಜ ನೋಡಿ ತೀರ್ಮಾನ ಮಾಡ್ತೀನಿ. ಸುಳ್ಳು ಬರೆದರೆ ಅದೂ ನನಗೆ ಗೊತ್ತಾಗುತ್ತೆ ಲಕ್ಷ್ಮಿ. ಲೀಡ್ ಅಂತ ಹಾಕಿರೋದು ನಿನ್ನನ್ನ."

ಹೊರಗೆ ಬಂದು ಲೆಕ್ಕ ಹಾಕಿದೆ. ಎರಡು ಕುರ್ಚಿ, ಮೂರು ಜನ. ಬಾಲಾಜಿಗೆ ಇಪ್ಪತ್ತೈದು, ಗಾಳಿಯ ಹಾಗೆ ಕೆಲಸ ಮಾಡುತ್ತಾನೆ. ಅವನು ಹೋಗುವುದಿಲ್ಲ.

ವರದಿಯನ್ನು ತಿದ್ದಿ ಕಳಿಸಿದೆ. ಈಗ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿದ್ದೇನೆ. ಬಾಲಾಜಿ ಏಳು, ಗೋವಿಂದಣ್ಣ ಮೂರು. ಮಾತಿನಲ್ಲಿ ಬರೆದರೆ ನೋವಾಗುತ್ತದೆ, ಅಂಕ ಬರೀ ಅಂಕ. ತಲೆಸುತ್ತಿನ ವಿಷಯವನ್ನೂ ಸೇರಿಸಿದೆ. ಆರೋಗ್ಯದ ವಿಷಯ, ಮೇಡಂಗೆ ತಿಳಿದಿದ್ದರೆ ಒಳ್ಳೆಯದೇ.

1 ಜುಲೈ, ಸೋಮವಾರ

ಗೋವಿಂದರಾಜ್ ಅವರು ಒಂದೇ ಪ್ರಶ್ನೆಯನ್ನು ಬೆಳಗಿನಿಂದ ನಾಲ್ಕು ಸಲ ಕೇಳಿದರು. ಗೋಡೆಯ ಬಣ್ಣ ಬದಲಿಸುವುದು ಎಲ್ಲಿ ಎಂದು. ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ, ಬರೆದುಕೊಂಡ ಪುಟ ಸಿಗುವುದಿಲ್ಲ. ನಾಲ್ಕನೇ ಸಲ ತಮಿಳಿನಲ್ಲಿ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ: "ನಾಲು ತಡವೆ ಸೊಲ್ಲಿಟ್ಟೇನ್ ಸಾರ್." ನಾಲ್ಕು ಸಲ ಹೇಳಿ ಆಯಿತಲ್ಲ. ಬಾಲಾಜಿ ನಕ್ಕ. ಅವರು ನನ್ನ ಮುಖ ನೋಡಿದರು. ನಾನು ಅವರ ಜೊತೆ ತಮಿಳಿನಲ್ಲಿ ಮಾತಾಡಿದ್ದು ಇದೇ ಮೊದಲಿರಬೇಕು.

ಆಫೀಸು ಅಂದಮೇಲೆ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಮಾತಾಡುವುದೇ ಸರಿ. ಇನ್ನು ಮೇಲೆ ಹಾಗೇ ಮಾಡುತ್ತೇನೆ.

9 ಜುಲೈ, ಮಂಗಳವಾರ

ಗೋವಿಂದರಾಜ್ ಅವರ ಬಳಿ ಒಂದು ಭಂಡಾರವಿದೆ. ತೇಗ, ಕಡಪಾ ಕಲ್ಲು, ಹಿತ್ತಾಳೆ, ರೇಷ್ಮೆ, ಸುಣ್ಣದ ಗೋಡೆ, ಹಳೆ ಕೆಂಪು ನೆಲ, ಹೀಗೆ ಚಿತ್ರದಲ್ಲಿ ಗೋಡೆಗೆ, ನೆಲಕ್ಕೆ, ಬಾಗಿಲಿಗೆ ಹೊದಿಸುವ ಸಾವಿರದ ಚಿಲ್ಲರೆ ಮೇಲ್ಮೈಗಳು. ಪ್ರತಿಯೊಂದನ್ನೂ ಎಲ್ಲೋ ಹೋಗಿ ಫೋಟೊ ತೆಗೆದು, ಬೆಳಕು ಬಿದ್ದರೆ ಹೇಗೆ ಕಾಣಬೇಕು ಎಂದು ಹದಿನಾಲ್ಕು ವರ್ಷ ಕೂತು ಹದ ಮಾಡಿದ್ದು. ಅದನ್ನೆಲ್ಲ ಹೊಸದಕ್ಕೆ ಸಾಗಿಸಬೇಕೆಂದು ಮೇಡಂ ಹೇಳಿದ್ದಾರೆ. ಫೈಲಿನ ಹೆಸರುಗಳು ಅವರಿಗೆ ಮಾತ್ರ ಅರ್ಥವಾಗುತ್ತವೆ. "ಮುನುಸ್ವಾಮಿ ಬಾಗಿಲು 2" ಎಂದರೆ ಯಾವ ಮರ ಎಂದು ಯಾರಿಗೆ ಗೊತ್ತು?

ಅವರಿಗೆ ಭಾರಿ ಹುರುಪು. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಒಂದೊಂದರ ಕಥೆ ಹೇಳುತ್ತಾರೆ.

"ನೋಡ್ದಾ ಲಕ್ಷ್ಮೀ, ಇದು ನನ್ ಕೈಯಾಗೆ ಮಾತ್ರ ಐತೆ. ಅದ್ಕೇ ಮೇಡಂ ನನ್ನ ಕರ್ದವ್ರೆ. ನಾನೇ ಸುಮ್ನೆ ಎದ್ರುಕಂಡಿದ್ದೆ."

ನಿನ್ನೆ ಮೇಡಂ ನನಗೆ ಹೇಳಿದ್ದು ಬೇರೆ. "ಮೊದಲು ಆ ಭಂಡಾರ ನಮ್ಮ ಕೈಗೆ ಬರಲಿ. ಆಮೇಲೆ ಅವರ ವಿಷಯ ಮಾತಾಡೋಣ." ಅದನ್ನು ಅವರಿಗೆ ಹೇಳಿದರೆ ಸುಮ್ಮನೆ ಮನಸ್ಸು ನೊಂದುಕೊಳ್ಳುತ್ತಾರೆ. ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ. ಖುಷಿಯಾಗಿದ್ದಾರೆ, ಇರಲಿ.

20 ಜುಲೈ, ಶನಿವಾರ

ಭಂಡಾರ ಪೂರ್ತಿ ಬಂತು. ಗೋವಿಂದರಾಜ್ ಊರಿನಿಂದ ಕಜ್ಜಾಯ ತಂದಿದ್ದರು. ಅವರ ಹೆಂಡತಿ ಸಪ್ಪಲಮ್ಮ ನನಗೆಂದೇ ಬೇರೆ ಡಬ್ಬಿಯಲ್ಲಿ ಕಳಿಸಿದ್ದಂತೆ. ಮೂರು ತಿಂದೆ.

ಮೇಡಂ ನೋಡಿ ದಂಗಾದರು. "ಯಾರು ಮಾಡಿದ್ದು ಇಷ್ಟೂ?" ಎಂದರು. ನಾನು ಎಂದೆ. ಸುಳ್ಳಲ್ಲ, ಹೊಸ ಸಾಫ್ಟ್‌ವೇರ್‌ಗೆ ತಂದವಳು ನಾನೇ.

ವರದಿ: ಬಾಲಾಜಿ ಎಂಟು, ಗೋವಿಂದರಾಜ್ ಮೂರು.

27 ಜುಲೈ, ಶನಿವಾರ

ಬಹಳ ಒಳ್ಳೆಯ ದಿನ.

ಗಿರಾಕಿಯ ಎದುರು ಗೋವಿಂದರಾಜ್ ಕೈಯಲ್ಲೇ ಒಂದು ಮನೆ ತೋರಿಸಿ ನೋಡೋಣ ಎಂದು ಮೇಡಂ ಹೇಳಿದ್ದರು. ಯಾವ ಗಿರಾಕಿ, ಯಾವ ಮನೆ ಎಂಬುದು ನನ್ನ ತೀರ್ಮಾನ. ಕಾರಿಮಂಗಲಂನ ಮನೆಯ ಫೈಲನ್ನು ಅವರು ಒಂದು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದಾರೆ, ಕಣ್ಣು ಮುಚ್ಚಿಕೊಂಡು ನಡೆಸಬಲ್ಲರು. ನಾನು ಇನ್ನೊಬ್ಬ ಗಿರಾಕಿ, ಒಬ್ಬ ಡಾಕ್ಟರನ್ನು ಕರೆಸಿ, ಅವರ ಮೂರಂತಸ್ತಿನ ಮನೆಯ ಫೈಲು ತೆರೆದುಕೊಟ್ಟೆ. ಕಲಿತಿದ್ದನ್ನೇ ಕೇಳಿದರೆ ಅದು ಪರೀಕ್ಷೆ ಹೇಗಾಗುತ್ತದೆ?

ಪರದೆ ನೋಡಿ ನನ್ನ ಕಡೆ ತಿರುಗಿದರು. "ಲಕ್ಷ್ಮೀ, ಇದಲ್ವಲ್ಲಮ್ಮ," ಎಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದರು. ನಾನು ಕೇಳಿಸದ ಹಾಗೆ ಇದ್ದೆ.

ಡಾಕ್ಟರೂ ಅವರ ಹೆಂಡತಿಯೂ ಎದುರಿಗಿದ್ದರು. ಎಡಕ್ಕೆ ಹೋಗಿ ಎಂದರು, ಮೆಟ್ಟಿಲು ಹತ್ತಿ ಎಂದರು. ಗೋವಿಂದರಾಜ್ ಮೌಸ್ ಎಳೆದ ರಭಸಕ್ಕೆ ಕ್ಯಾಮೆರಾ ಗಿರ್ರನೆ ತಿರುಗಿ ಗೋಡೆಯೊಳಗೆ ಹೊಕ್ಕು ಮನೆಯಿಂದಾಚೆ ಬಿದ್ದುಬಿಟ್ಟಿತು. ಪರದೆಯ ತುಂಬ ಬಿಳಿ, ಎಲ್ಲೋ ಮೂಲೆಯಲ್ಲಿ ಬೊಂಬೆ ಮನೆಯ ಹಾಗೆ ಡಾಕ್ಟರ ಮನೆ. "ನಮ್ಮ ಮನೆಯನ್ನ ಆಕಾಶದಲ್ಲಿ ಕಟ್ತೀರಾ?" ಎಂದು ಡಾಕ್ಟರ ಹೆಂಡತಿ ನಕ್ಕರು. ಬಾಲಾಜಿಯೂ ನಕ್ಕ, ಮೇಡಂ ಕೂಡ. ಗೋವಿಂದರಾಜ್ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದರು, ವಾಂತಿ ಬರುವವರ ಹಾಗೆ.

"ತಳ್ಳಿ ಉಕ್ಕಾರುಂಗ ಸಾರ್." ಸರಿದು ಕೂರಿ ಎಂದು ಹೇಳಿ ಅವರ ಕೈಯಿಂದ ಮೌಸ್ ತೆಗೆದುಕೊಂಡೆ. ಅವರ ಬೆವರಿಗೆ ಮೌಸ್ ಒದ್ದೆಯಾಗಿತ್ತು, ನನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ಹತ್ತು ನಿಮಿಷದಲ್ಲಿ ಮೂರು ಅಂತಸ್ತನ್ನೂ ತೋರಿಸಿದೆ. ಪೂಜೆ ಕೋಣೆಗೆ ಹಿತ್ತಾಳೆ ಬಾಗಿಲು ಹಾಕಿದಾಗ ಡಾಕ್ಟರ್ ಚಪ್ಪಾಳೆ ತಟ್ಟಿದರು.

28 ಜುಲೈ, ಭಾನುವಾರ

ಬಟ್ಟೆ ಒಗೆದೆ. ತಲೆಗೆ ಎಣ್ಣೆ ಹಾಕಿಕೊಂಡೆ. ಇಷ್ಟು ನಿಶ್ಚಿಂತೆಯಾಗಿ ಮಲಗಿ ಎಷ್ಟು ದಿನವಾಗಿತ್ತು.

5 ಆಗಸ್ಟ್, ಸೋಮವಾರ

ಇದನ್ನು ಸರಿಯಾಗಿ ಬರೆಯಬೇಕು.

ಮಧ್ಯಾಹ್ನ ಬಾಲಾಜಿ ಊಟಕ್ಕೆ ಹೋದಾಗ ಗೋವಿಂದರಾಜ್ ಕರೆದರು. "ಒಂದ್ ನಿಮ್ಸ ಬಾಮ್ಮ, ಒಂದ್ ತೋರುಸ್ಬೇಕು." ಮೂರು ಭಾನುವಾರ ಊರಿಗೆ ಹೋಗದೆ ಆಫೀಸಿಗೆ ಬಂದು ಏನೋ ಮಾಡಿದ್ದಾರೆ. ಪಾಪ, ನೋಡೋಣ ಎಂದು ಕೂತೆ.

ಅವರ ಮನೆಯ ಅಡುಗೆಮನೆ. ಹೊಸ ಸಾಫ್ಟ್‌ವೇರ್‌ನಲ್ಲಿ.

ಹೆಂಚಿನ ಮಾಡು, ಹೆಂಚಿನ ನಡುವೆ ಒಂದೇ ಒಂದು ಗಾಜು. ಅಲ್ಲಿಂದ ಬೆಳಕು ಇಳಿದು ಹೊಗೆಯಲ್ಲಿ ಕೋಲಿನ ಹಾಗೆ ನಿಂತಿದೆ. ಒಲೆಯ ಹಿಂದಿನ ಗೋಡೆ ಕಪ್ಪಾಗಿ ಮಿನುಗುತ್ತದೆ. ಸೆಗಣಿ ಸಾರಿಸಿದ ನೆಲ, ಬೆಳಕು ಬಿದ್ದ ಕಡೆ ಮಾತ್ರ ಹಸಿರು. ಕ್ಯಾಮೆರಾ ಓಡುವುದಿಲ್ಲ. ಒಬ್ಬ ಹೆಂಗಸು ಒಲೆಯ ಮುಂದಿನಿಂದ ಎದ್ದು, ಬಗ್ಗಿಕೊಂಡೇ ಶೆಲ್ಫಿನ ಹತ್ತಿರ ಹೋಗಿ ಏನೋ ತೆಗೆದುಕೊಂಡು ಬಂದು ಮತ್ತೆ ಕೂರುವ ಹಾಗೆ, ಅಷ್ಟೇ ಎತ್ತರದಲ್ಲಿ, ಅಷ್ಟೇ ನಿಧಾನವಾಗಿ ಹೋಗಿ ಬರುತ್ತದೆ. ಹೆಂಗಸು ಕಾಣುವುದೇ ಇಲ್ಲ. ಆದರೂ ಅವಳು ಇದ್ದಾಳೆ.

ಈ ಸಾಫ್ಟ್‌ವೇರ್‌ನಲ್ಲಿ ಇಂಥದ್ದನ್ನು ನಾನು ನೋಡಿಲ್ಲ. ಕೊಯಮತ್ತೂರಿನವರು ತೋರಿಸಿದ್ದರಲ್ಲೂ ನೋಡಿಲ್ಲ.

"ತಲೆ ಸುತ್ತಲಿಲ್ಲವಾ?" ಎಂದು ಕೇಳಿದೆ.

"ನಮ್ಮನೇಲಿ ಯಾರ್ಗಾದ್ರೂ ತಲೆ ಸುತ್ತಾದಾ? ನಿಧಾನಕ್ ನಡೆದ್ರೆ ಏನೂ ಆಗಾಕಿಲ್ಲ. ಅದು ತಾನಾಗೇ ಆಕ್ಕೊಳ್ಳೋ ಬೆಳಕ್ನ ಆರ್ಸಿ ನಾನೇ ಬೆಳಕಾಕ್ದೆ. ಅಳ್ತೆ ಎಲ್ಲಾ ಬಾಯಾಗೈತಲ್ಲ." ಆಮೇಲೆ ದನಿ ಇಳಿಸಿದರು. "ಮೇಡಂಗೆ ತೋರುಸ್ಲಾ ಲಕ್ಷ್ಮೀ? ಇನ್ನೊಂದ್ ತಿಂಗ್ಳು ಕೊಟ್ರೆ ಸಾಕು. ಅವತ್ತು ಡಾಕ್ಟ್ರ ಮುಂದೆ ಮಾನ ಓಯ್ತು. ಇದ ನೋಡಿದ್ರೆ ಏನಂತಾರೋ."

ಏನನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಎರಡು ಕುರ್ಚಿಯಲ್ಲಿ ಒಂದು ಇವರದಾಗುತ್ತದೆ.

"ಈಗ ಬೇಡ ಅಣ್ಣ," ಎಂದೆ. ಕನ್ನಡದಲ್ಲೇ. "ಮೇಡಂ ಕೋಪದಲ್ಲವ್ರೆ. ನಮ್ಮ ಗಿರಾಕಿಗಳಿಗೆ ಹೆಂಚಿನ ಮನೆ ಬೇಕಾಗಿಲ್ಲ ಅಂತಾರೆ. ಫಿಲಂ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡಿ, ಸಮಯ ನೋಡಿ ನಾನೇ ತೋರಿಸ್ತೀನಿ."

ಅವರ ಕಣ್ಣು ತುಂಬಿತು. "ನೀನಿಲ್ದಿದ್ರೆ ಏನ್ ಮಾಡ್ತಿದ್ನೋ ತಾಯಿ," ಎಂದರು. ಕಾಪಿ ಮಾಡಿಕೊಟ್ಟರು.

ಸಮಯ ನೋಡಿ ತೋರಿಸಬೇಕು. ಈಗಲ್ಲ.

12 ಆಗಸ್ಟ್, ಸೋಮವಾರ

ಗೋವಿಂದರಾಜ್ ಎರಡು ಸಲ ಕೇಳಿದರು. ಮೇಡಂ ಬಿಜಿ ಎಂದೆ. ಬೆನ್ನ ಹಿಂದೆ ನಿಂತುಕೊಂಡು ಕೇಳುವ ಅಭ್ಯಾಸ ಇವರದು. ಕೆಲಸವೇ ಓಡುವುದಿಲ್ಲ.

16 ಆಗಸ್ಟ್, ಶುಕ್ರವಾರ

ಆಡಿ ಇವತ್ತಿಗೆ ಮುಗಿಯಿತು. ಗೋವಿಂದರಾಜ್ ಅವರನ್ನು ಕಳಿಸಿದರು.

ಮೇಡಂ ನನ್ನನ್ನೂ ಒಳಗೆ ಕೂರಿಸಿಕೊಂಡಿದ್ದರು. ನನ್ನ ಎಂಟು ವಾರದ ವರದಿಗಳು ಮೇಜಿನ ಮೇಲಿದ್ದವು. ಮೂರು, ಮೂರು, ಮೂರು, ಎರಡು. ಗೋವಿಂದರಾಜ್ ಕಾಗದದ ಕಡೆ ನೋಡಲೇ ಇಲ್ಲ, ನನ್ನನ್ನು ನೋಡಿದರು. ಪೆನ್‌ಡ್ರೈವ್ ನನ್ನ ಬ್ಯಾಗಿನಲ್ಲಿತ್ತು. ಆ ಮನುಷ್ಯ ಒಂದು ಮಾತು ಹೇಳಿದ್ದರೆ ಸಾಕಿತ್ತು, "ಲಕ್ಷ್ಮಿ ಹತ್ರ ಒಂದು ಫಿಲಂ ಐತೆ ಮೇಡಂ" ಎಂದು. ಹೇಳಲಿಲ್ಲ. ನಾನು ತೋರಿಸಿ, ಮೇಡಂಗೆ ಅದು ಹಿಡಿಸಲಿಲ್ಲ ಎಂದುಕೊಂಡರೋ ಏನೋ. ಹಾಗೆ ತಿಳಿದುಕೊಂಡರೆ ನಾನೇನು ಮಾಡಲಿ.

ಹೋಗುವಾಗ ನನ್ನ ಮೇಜಿನ ಹತ್ತಿರ ಬಂದರು. "ನೀನು ನಂಗೋಸ್ಕರ ಎಷ್ಟ್ ಬಡ್ದಾಡ್ದೆ ಅಂತ ಗೊತ್ತು ಕಣಮ್ಮ. ನನ್ ತಲೆಗೇ ಅತ್ತಲಿಲ್ಲ. ಬ್ಯಾಸ್ರ ಮಾಡ್ಕೋಬ್ಯಾಡ."

ಬೇಸರ ಮಾಡಿಕೊಂಡಿಲ್ಲ. ಸಂಜೆ ಅವರ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿಕೊಂಡು ನಾನೇ ಕೂತೆ. ಗಾಳಿ ಚೆನ್ನಾಗಿ ಬರುತ್ತದೆ.

21 ಆಗಸ್ಟ್, ಬುಧವಾರ

ಕಲ್ಯಾಣ ಮಂಟಪದ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಮೇಡಂಗೆ ಕೊಟ್ಟೆ. ಅದೇ ಪೆನ್‌ಡ್ರೈವ್ ಎಂಬುದು ಮರೆತೇ ಹೋಗಿತ್ತು. ಮೇಡಂ ಗಿರಾಕಿಯ ಮುಂದೆ ತೆರೆದಾಗ ಮೊದಲು ಆ ಅಡುಗೆಮನೆಯೇ ಓಡಿತು. ಮುಗಿದ ಮೇಲೆ ಮೇಡಂ ಮತ್ತೊಂದು ಸಲ ಹಾಕಿಸಿಕೊಂಡು ನೋಡಿದರು.

"ಇದು ಯಾರ ಮನೆ ಲಕ್ಷ್ಮಿ?"

ಗೋವಿಂದರಾಜ್ ಎಂದು ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು: ಯಾವಾಗ ಕೊಟ್ಟರು, ಯಾಕೆ ತೋರಿಸಲಿಲ್ಲ.

"ನಮ್ಮ ಅಜ್ಜಿ ಮನೆ ಮೇಡಂ. ಹರೂರಿನ ಹತ್ರ. ಭಾನುವಾರಗಳಲ್ಲಿ ಮಾಡಿದೆ."

ಮೇಡಂ ಎದ್ದು ಬಂದು ನನ್ನ ಭುಜ ಹಿಡಿದರು. ಬಾಗಿಲಲ್ಲಿ ನಿಂತಿದ್ದ ಬಾಲಾಜಿ ನನ್ನ ಮುಖ ನೋಡಿ ತನ್ನ ಮೇಜಿಗೆ ಹೋದ.

ಅಕ್ಟೋಬರಿನಲ್ಲಿ ಮನೆ ನಿರ್ಮಾಣದ ಎಕ್ಸ್‌ಪೋ ಇದೆ. ನಮ್ಮ ಸ್ಟಾಲಿನ ದೊಡ್ಡ ಪರದೆಯ ಮೇಲೆ ಇದನ್ನೇ ಹಾಕುತ್ತಾರಂತೆ. ಕೆಳಗೆ ನನ್ನ ಹೆಸರು. ಆ ಫಿಲಂ ನನ್ನ ಬ್ಯಾಗಿನಲ್ಲೇ ಇದ್ದಿದ್ದರೆ ಯಾರೂ ನೋಡುತ್ತಿರಲಿಲ್ಲ. ಒಂದು ರೀತಿಯಲ್ಲಿ ನೋಡಿದರೆ ಅದಕ್ಕೆ ಒಳ್ಳೆಯದೇ ಆಯಿತು.

6 ಅಕ್ಟೋಬರ್, ಭಾನುವಾರ

ಎಕ್ಸ್‌ಪೋದ ಕೊನೆಯ ದಿನ. ನಿಂತು ನಿಂತು ಕಾಲು ಬಾತುಹೋಗಿದೆ. ನಮ್ಮ ಸ್ಟಾಲಿನ ಮುಂದೆ ಮಾತ್ರ ಜನ ಕರಗಲೇ ಇಲ್ಲ, ಎಲ್ಲರೂ ಆ ಅಡುಗೆಮನೆ ನೋಡುವವರೇ. ಒಬ್ಬ ಅಜ್ಜಿ ಪರದೆಯ ಮುಂದೆ ನಿಂತು ಅತ್ತರು.

ಮಧ್ಯಾಹ್ನ ಮೂರರ ಹೊತ್ತಿಗೆ ಗೋವಿಂದರಾಜ್ ಬಂದ. ಮೆಟ್ಟೂರಿನ ಒಂದು ಟೈಲ್ಸ್ ಅಂಗಡಿಯಲ್ಲಿ ಸೇರಿದ್ದಾನಂತೆ, ಅಂಗಡಿಯವರು ಪಾಸು ಕೊಟ್ಟಿದ್ದರಂತೆ. ಜೊತೆಗೆ ಸಪ್ಪಲಮ್ಮ. ಆಕೆಯನ್ನು ನೋಡಿದ್ದು ಇದೇ ಮೊದಲು. ಗಿಡ್ಡ ಹೆಂಗಸು, ಸ್ವಲ್ಪ ಬಗ್ಗಿ ನಡೆಯುತ್ತಾಳೆ. ತಾನು ಹದಿನಾಲ್ಕು ವರ್ಷ ಏನು ಕೆಲಸ ಮಾಡುತ್ತಿದ್ದೆ ಎಂದು ತೋರಿಸಲು ಕರೆದುಕೊಂಡು ಬಂದಿದ್ದನೇನೋ. "ಅಗೋ ನಮ್ ಲಕ್ಷ್ಮಿ," ಎನ್ನುತ್ತ ನಗುನಗುತ್ತ ಬಂದವನು ಪರದೆ ನೋಡಿ ನಿಂತುಬಿಟ್ಟ.

ಸಪ್ಪಲಮ್ಮ ಬಾಯಿ ತೆರೆದುಕೊಂಡು ನೋಡಿದಳು. "ಇದು ನಮ್ಮನೆ ಅಲ್ವಾ?" ಎಂದಳು, ಗಟ್ಟಿಯಾಗಿ.

ಮೇಡಂ ಎರಡೇ ಹೆಜ್ಜೆ ದೂರದಲ್ಲಿದ್ದರು. ಬಾಲಾಜಿ ಗೋವಿಂದರಾಜನನ್ನು ನೋಡಿದ, ಆಮೇಲೆ ನನ್ನನ್ನು. ಕೆಳಗೆ ತಮಿಳಿನಲ್ಲಿ ನನ್ನ ಹೆಸರು ದೊಡ್ಡದಾಗಿ ಬರೆದಿತ್ತು. ಗೋವಿಂದರಾಜ್ ಅದನ್ನು ಓದಿದ. ಬಹಳ ಹೊತ್ತು ಓದಿದ.

"ಅಲ್ಲ ಕಣೆ," ಎಂದ ಹೆಂಡತಿಗೆ. "ಇಂಥ ಮನೆ ನಮ್ ಕಡೆ ಬೇಜಾನ್ ಅವೆ."

ಸದ್ಯ, ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಚೆನ್ನೈನಿಂದ ಬಂದಿದ್ದ ಒಬ್ಬ ಗಿರಾಕಿ, ರೇಷ್ಮೆ ಸೀರೆ ಉಟ್ಟ ಹೆಂಗಸು, ಶೆಲ್ಫಿನ ಕಡೆ ಕೈ ತೋರಿಸಿ ನನ್ನನ್ನು ಕೇಳಿದರು, ಆ ಎತ್ತರದ ಜಾಡಿಯಲ್ಲಿ ಏನು ಇಡುತ್ತಿದ್ದರು ನಿಮ್ಮ ಅಜ್ಜಿ ಎಂದು. ನನಗೆ ತಟ್ಟನೆ ಏನೂ ಹೊಳೆಯಲಿಲ್ಲ.

"ಉಪ್ಪು," ಎಂದಳು ಸಪ್ಪಲಮ್ಮ, ಪರದೆಯಿಂದ ಕಣ್ಣು ತೆಗೆಯದೆ ತಮಿಳಿನಲ್ಲಿ. "ಅದರಲ್ಲಿ ಉಪ್ಪು. ಪಕ್ಕದ ಡಬ್ಬಾದಲ್ಲಿ ರಾಗಿಹಿಟ್ಟು."

ಗೋವಿಂದರಾಜ್ ಆಕೆಯ ಕೈ ಹಿಡಿದುಕೊಂಡ. "ಬಾ, ಬಸ್ಸು ಓಗ್ಬುಡ್ತೈತೆ." ಆಕೆ ತಿರುತಿರುಗಿ ನೋಡುತ್ತಲೇ ಹೋದಳು. ಆತ ಒಮ್ಮೆಯೂ ತಿರುಗಲಿಲ್ಲ. ನನಗೆ ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ. ಆರು ವರ್ಷ ಜೊತೆಗೆ ಕೆಲಸ ಮಾಡಿದವರು ಅಷ್ಟಾದರೂ ಹೇಳಬಹುದಿತ್ತು.

ಆ ಹೆಂಗಸೂ ನಡುವೆ ಬಾಯಿ ಹಾಕಬಾರದಿತ್ತು. ಆದರೂ ರೇಷ್ಮೆ ಸೀರೆಯವರಿಗೆ ಹಿಡಿಸಿತು. ನಾಳೆ ಆಫೀಸಿಗೆ ಬರುತ್ತೇನೆ ಎಂದಿದ್ದಾರೆ. ಜಾಡಿಯಲ್ಲಿ ಉಪ್ಪು, ಪಕ್ಕದ ಡಬ್ಬಾದಲ್ಲಿ ರಾಗಿಹಿಟ್ಟು. ಬರೆದಿಟ್ಟುಕೊಂಡಿದ್ದೇನೆ. ಇನ್ನು ಯಾರಾದರೂ ಕೇಳಿದರೆ ತಡವರಿಸಬೇಕಾಗಿಲ್ಲ.